ಬೀದಿ ಫೋಟೊ ತೆಗೆಯೋಕೆ ಮೊದಲು ಸುಮ್ನೆ ನಿಲ್ಲಿ

ಬೀದಿ ಫೋಟೊಗೆ ಊರೆಲ್ಲ ಸುತ್ತಬೇಕಾಗಿಲ್ಲ. ಬಿಸಿಲು ಓರೆಯಾಗಿ ಬೀಳುವ ಒಂದು ಮೂಲೆ ಹುಡುಕಿ, ಅಲ್ಲೇ ಅರ್ಧ ಗಂಟೆ ನಿಲ್ಲಿ. ಮೊದಲು ಎಲ್ಲರೂ ನಿಮ್ಮನ್ನೇ ನೋಡುತ್ತಾರೆ, ಆಮೇಲೆ ನೀವೂ ಒಂದು ಲೈಟ್ ಕಂಬ ಅಷ್ಟೇ.

ಫುಲ್ ಫ್ರೇಮ್ (ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾಗೆ 35 ಎಂಎಂ ಲೆನ್ಸ್ ಹಾಕಿದ್ದರೆ, ಅಪರ್ಚರ್ (ಲೆನ್ಸ್‌ನಲ್ಲಿ ಬೆಳಕು ಬರುವ ಕಿಂಡಿ) ಎಫ್/8 ಇಟ್ಟು, ಕೈಯಿಂದಲೇ ಹೊಂದಿಸುವ ಮ್ಯಾನ್ಯುಯಲ್ ಫೋಕಸ್ ಅನ್ನು 3 ಮೀಟರ್‌ಗೆ ನಿಲ್ಲಿಸಿ. ಹೆಚ್ಚುಕಮ್ಮಿ 2ರಿಂದ 7 ಮೀಟರ್ ಒಳಗೆ ಯಾರು ಬಂದರೂ ಸ್ಪಷ್ಟವಾಗಿ ಸಿಗುತ್ತಾರೆ, ಫೋಕಸ್ ಹುಡುಕುತ್ತಾ ಆ ಕ್ಷಣ ಕಳೆದುಕೊಳ್ಳುವ ಗೋಳಿಲ್ಲ. ನಡೆಯುವವರಿಗೆ ಶಟರ್ ವೇಗ 1/250 ಸೆಕೆಂಡ್ ಸಾಕು. ಬೆಳಕು ಕಡಿಮೆಯಾದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ. ಅಲುಗಿದ ಮುಖಕ್ಕಿಂತ ಸ್ವಲ್ಪ ಚುಕ್ಕೆಚುಕ್ಕೆ ಫೋಟೊನೇ ವಾಸಿ ಅಲ್ವಾ?

ಫೋನ್ ಇದ್ದವರು ಝೂಮ್ ಬಿಟ್ಟು ಎರಡು ಹೆಜ್ಜೆ ಹತ್ತಿರ ಹೋಗಿ. ಯಾರಾದರೂ ಬೇಡ ಅಂದರೆ ಅಳಿಸಿಬಿಡಿ. ಜೇಬಿನಲ್ಲಿ ಚಿಕ್ಕ ನೋಟ್‌ಬುಕ್ ಇರಲಿ. ಛತ್ರಿ ಮರೆತು ವಾಪಸ್ ಓಡಿದ ಅಜ್ಜ ನನ್ನ ಕ್ಯಾಮೆರಾಗೆ ಸಿಗಲಿಲ್ಲ, ನನ್ನ ನೋಟ್‌ಬುಕ್‌ನಲ್ಲಿದ್ದಾರೆ.