ಸಿಸೇರಿಯನ್ ಹೊಲಿಗೆ ಕೀವಾಗದ ಹಾಗೆ ನಾವು ಏನು ಬದಲಾಯಿಸಿದ್ವಿ

ನಾನು ತಾಲ್ಲೂಕು ಆಸ್ಪತ್ರೆ ಹೆರಿಗೆ ವಾರ್ಡಲ್ಲಿ ಸ್ಟಾಫ್ ನರ್ಸ್. ಸಿಸೇರಿಯನ್ ಆಗಿ ನಗ್ತಾ ಮನೆಗೆ ಹೋದವ್ರು ಎಂಟೋ ಹತ್ತೋ ದಿನಕ್ಕೆ ಹೊಲಿಗೆ ಬಿಟ್ಕೊಂಡು, ಕೀವು ಸೋರ್ತಾ, ಹಸುಗೂಸು ಎತ್ಕೊಂಡು ವಾಪಸ್ ಬರೋದು ನೋಡಿದ್ರೆ ಕರುಳು ಕಿವುಚುತ್ತೆ.

ಮೊದಲು ನಮ್ಮ ಕಡೆ ತಪ್ಪೇ ಸರಿಮಾಡ್ಕೊಂಡ್ವಿ. ಆಂಟಿಬಯೋಟಿಕ್ ಇಂಜೆಕ್ಷನ್ ಬೆಳಿಗ್ಗೆ ವಾರ್ಡಲ್ಲೇ ಕೊಟ್ಬಿಡ್ತಿದ್ವಿ, ಓಟಿ (ಆಪರೇಷನ್ ಥಿಯೇಟರ್) ಖಾಲಿಯಾಗಿ ಕೇಸ್ ಒಳಗೆ ಹೋಗೋಷ್ಟ್ರಲ್ಲಿ ಎರಡು ಗಂಟೆ ಮೀರಿರ್ತಿತ್ತು. ಚರ್ಮ ಕುಯ್ಯೋ ಹೊತ್ತಿಗೆ ರಕ್ತದಲ್ಲಿ ಔಷಧಿ ಚೆನ್ನಾಗಿ ಇರಬೇಕು, ಅದಕ್ಕೇ ಕುಯ್ಯೋದಕ್ಕೆ ಮುಂಚಿನ 60 ನಿಮಿಷದ ಒಳಗೆ ಕೊಡಬೇಕು ಅನ್ನೋದು. ಈಗ ಅಲರ್ಜಿ ಕೇಳಿ ಸೆಫಜೋಲಿನ್ ಅನ್ನೋ ಆಂಟಿಬಯೋಟಿಕ್ ಓಟಿ ಒಳಗೇ ಹಾಕಿ ಟೈಮ್ ಕೇಸ್‌ಶೀಟಲ್ಲಿ ಬರೀತೀವಿ. ಬ್ಲೇಡ್ ಶೇವಿಂಗ್ ನಿಲ್ಲಿಸಿದ್ವಿ, ಕಣ್ಣಿಗೆ ಕಾಣದ ಗೀರಲ್ಲೇ ಸೋಂಕು ಕೂರುತ್ತೆ. ಕುಯ್ಯೋ ಜಾಗದ ಕ್ರಿಮಿ ಸಾಯಿಸೋಕೆ ಸ್ಪಿರಿಟ್ ಬೆರೆತ ಕ್ಲೋರ್‌ಹೆಕ್ಸಿಡಿನ್ ಹಚ್ಚಿದ ಮೇಲೆ ಒರೆಸಲ್ಲ, ತಾನಾಗೇ ಒಣಗೋಕೆ 3 ನಿಮಿಷ ಬಿಡ್ತೀವಿ, ಎಷ್ಟೇ ಅವಸರ ಇದ್ರೂ ನಾನು ಗಡಿಯಾರ ನೋಡ್ತಾ ನಿಂತಿರ್ತೀನಿ.

ಆದ್ರೂ ಕೇಸ್ ಬರ್ತಾನೇ ಇದ್ವು. ಒಬ್ಬ ಬಾಣಂತಿ ಒಂಬತ್ತನೇ ದಿನ ಬಂದ್ಲು, ಹೊಟ್ಟೆಗೆ ಹಳೇ ಸೀರೆ ಬಿಗಿದು ಕಟ್ಟಿದ್ರು, ಬಿಚ್ಚಿದ್ರೆ ಗಾಯದ ತುಂಬಾ ಕೊಬ್ಬರಿ ಎಣ್ಣೆ ಅರಿಶಿನ, ಬೆವರಿಗೆ ಎಲ್ಲಾ ನೆನೆದು ಒಂದು ಮೂಲೆ ಬಿಟ್ಕೊಂಡಿತ್ತು. ನಾನು ರೇಗಿದೆ. ಜೊತೆಗೆ ಬಂದಿದ್ದ ಅಜ್ಜಿ ಕಣ್ಣು ಒರೆಸ್ಕೊಂಡು "ನಮ್ಮವ್ವ ನಂಗೆ ಮಾಡಿದ್ದನ್ನೇ ಮಾಡ್ದೆ ಕಣವ್ವಾ" ಅಂದ್ರು. ಅವತ್ತಿನವರೆಗೂ ನಾನು ಗಾಯದ ವಿಷಯ ಹೇಳ್ತಿದ್ದಿದ್ದು ನಿದ್ದೆಗೆಟ್ಟ ಬಾಣಂತಿಗೆ, ಮನೇಲಿ ಅವಳಿಗೆ ನೀರು ಹಾಕೋರಿಗೆ ಒಂದು ಮಾತೂ ಹೇಳಿರ್ಲಿಲ್ಲ!

ಈಗ ಡಿಸ್ಚಾರ್ಜ್ ದಿನ ಅಜ್ಜಿನ ಪಕ್ಕ ಕೂರಿಸ್ಕೊಂಡು, ಅವರ ಕೈಯಲ್ಲೇ ಸೋಪು ಹಾಕಿಸಿ ತೊಳೆಸಿ, ಹೊಟ್ಟೆ ಮಡಿಕೆ ಎತ್ತಿ ಮೊಬೈಲ್ ಟಾರ್ಚಲ್ಲಿ ಗಾಯ ತೋರಿಸ್ತೀನಿ. ಸ್ನಾನ ಮಾಡ್ಸಿ, ಆದ್ರೆ ಶುದ್ಧ ಬಟ್ಟೇಲಿ ಒತ್ತಿ ಒಣಗಿಸಿ, ಉಜ್ಜಬೇಡಿ. ಎಣ್ಣೆ, ಅರಿಶಿನ, ಬೂದಿ, ಪೌಡರ್ ಏನೂ ಬೇಡ. ಪಥ್ಯ ಅಂತ ನೀರು, ಬೇಳೆ, ಸೊಪ್ಪು ನಿಲ್ಲಿಸಬೇಡಿ, ಗಾಯ ಕೂಡೋಕೆ ಅದೇ ಬೇಕು. ದಿನಾ ನೋಡಿ, ಕೆಂಪು, ಬಿಸಿ, ಗಟ್ಟಿ, ವಾಸನೆ, ನೀರು ಸೋರೋದು, ಜ್ವರ, ಇವುಗಳಲ್ಲಿ ಒಂದು ಕಂಡ್ರೂ ಅವತ್ತೇ ಬನ್ನಿ. ಶುಗರ್ ಇರೋರು, ದಪ್ಪ ಇರೋರು ಇನ್ನೂ ಹುಷಾರು. 30 ದಿನದವರೆಗೂ ಸೋಂಕು ಕಾಣಿಸ್ಕೋಬಹುದು, ಅಲ್ಲೀವರೆಗೂ ನಾನೇ ಫೋನ್ ಮಾಡ್ತಿರ್ತೀನಿ.

ಹೋದ ವಾರ ಒಬ್ಬರು ಅಜ್ಜಿ ಅವರೇ ಫೋನ್ ಮಾಡಿದ್ರು, "ಸಿಸ್ಟರಮ್ಮ, ಎಡಗಡೆ ಎರಡು ಬೆರಳಗಲ ಕೆಂಪಗಾಗೈತೆ, ಮುಟ್ಟಿದ್ರೆ ಬಿಸಿ, ಈಗ್ಲೇ ಕರ್ಕೊಂಡು ಬರ್ಲಾ?" ಸಂಜೆಯೊಳಗೆ ಬಂದ್ರು, ಹೊಲಿಗೆ ಇನ್ನೂ ಬಿಟ್ಟಿರ್ಲಿಲ್ಲ.