ಜಪಾನಿನ ರಾಜತಂತ್ರದ ಒಂದು ತೀರ್ಮಾನದ ಜಾಡು ಹಿಡಿಯುವ ಬಗೆ

ಆಧುನಿಕ ಜಪಾನಿನ ರಾಜಕೀಯ ನಾಯಕತ್ವವನ್ನು ಅಭ್ಯಾಸ ಮಾಡಹೊರಟವರು ಸಾಮಾನ್ಯವಾಗಿ ಒಬ್ಬ ಪ್ರಧಾನಿಯ ಜೀವನಚರಿತ್ರೆಯನ್ನು ಕೈಗೆತ್ತಿಕೊಳ್ಳುತ್ತಾರೆ. ಅದಕ್ಕಿಂತ ಎರಡು ಮೂರು ವಾರಗಳಲ್ಲಿ ಮುಗಿದ ಒಂದೇ ತೀರ್ಮಾನವನ್ನು ಆರಿಸಿಕೊಳ್ಳುವುದು ಲೇಸು. 1889ರ ಮೇಜಿ ಸಂವಿಧಾನದಲ್ಲಿ ಪ್ರಧಾನಿಯ ಪ್ರಸ್ತಾಪವೇ ಇಲ್ಲ. ಅದರ 55ನೆಯ ವಿಧಿಯಂತೆ ಮಂತ್ರಿಗಳು ತಂತಮ್ಮ ಹೊಣೆಯಲ್ಲಿ ಚಕ್ರವರ್ತಿಗೆ ಸಲಹೆ ನೀಡಬೇಕಿತ್ತು. ಸಂವಿಧಾನದಲ್ಲಿ ಎಲ್ಲಿಯೂ ಕಾಣದ ಗೆನ್ರೋ ಎಂಬ ಹಿರಿಯ ಮುತ್ಸದ್ದಿಗಳ ಮಾತೂ ನಡೆಯುತ್ತಿತ್ತು. ಹೀಗಾಗಿ ಪದವಿ ನೋಡಿ ಅಧಿಕಾರ ಅಳೆಯಲು ಬರುವುದಿಲ್ಲ.

1895ರ ಏಪ್ರಿಲ್ ತಿಂಗಳನ್ನೇ ನೋಡಿ. ಚೀನಾ-ಜಪಾನ್ ಯುದ್ಧವನ್ನು ಮುಗಿಸಲು 17ರಂದು ಆದ ಶಿಮೊನೊಸೆಕಿ ಒಪ್ಪಂದದಲ್ಲಿ ಚೀನಾ ತನ್ನ ಲಿಯಾವೊದೊಂಗ್ ಪರ್ಯಾಯದ್ವೀಪವನ್ನು ಜಪಾನಿಗೆ ಬಿಟ್ಟುಕೊಟ್ಟಿತು. 23ರಂದು ರಷ್ಯಾ, ಜರ್ಮನಿ, ಫ್ರಾನ್ಸ್ ಅದನ್ನು ಹಿಂದಿರುಗಿಸುವಂತೆ ಜಪಾನಿಗೆ ಹೇಳಿದವು. ಮರುದಿನ ಹಿರೋಶಿಮಾದಲ್ಲಿ ಚಕ್ರವರ್ತಿಯ ಸಮ್ಮುಖದ ಸಭೆಯು ವಿಷಯವನ್ನು ಅಂತರರಾಷ್ಟ್ರೀಯ ಸಮ್ಮೇಳನದ ಮುಂದಿಡುವತ್ತ ವಾಲಿತು. ವಿದೇಶಾಂಗ ಮಂತ್ರಿ ಮುತ್ಸು ಮುನೆಮಿತ್ಸು ಆಗ ಕೋಬೆಯ ಬಳಿಯ ಮೈಕೊ ಕಡಲತೀರದಲ್ಲಿ ಕಾಯಿಲೆಯಿಂದ ಮಲಗಿದ್ದನು. 25ರಂದು ಅಲ್ಲಿಗೆ ಬಂದ ಪ್ರಧಾನಿ ಇಟೊ ಹಿರೊಬುಮಿಗೆ ಅವನು, ಸಮ್ಮೇಳನ ಕರೆದರೆ ಬೇರೆ ದೇಶಗಳೂ ತಮ್ಮ ಬೇಡಿಕೆಗಳನ್ನು ಹೊತ್ತು ಬರುತ್ತವೆ ಎಂದು ವಾದಿಸಿದನು. ಸಭೆಯ ಒಲವು ರೋಗಿಯ ಹಾಸಿಗೆಯ ಪಕ್ಕದಲ್ಲಿ ಬಿದ್ದುಹೋಯಿತು. ಮೇ ಮೊದಲ ವಾರದಲ್ಲಿ ಜಪಾನ್ ಪರ್ಯಾಯದ್ವೀಪವನ್ನು ಬಿಡಲು ಒಪ್ಪಿತು.

ಇಂಥದ್ದನ್ನು ಹಿಡಿಯಲು ದಿನವಹಿಯೊಂದನ್ನು ಇಡಬೇಕು: ಯಾರು, ಎಲ್ಲಿದ್ದರು, ಯಾವ ತಂತಿ ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ಹೊತ್ತಿಗೆ ತಲುಪಿತು. ಹೊರಟ ಹೊತ್ತನ್ನಷ್ಟೇ ಬರೆದುಕೊಂಡರೆ, ಇನ್ನೂ ಓದದ ತಂತಿಗೆ ಮಂತ್ರಿಯೊಬ್ಬ ಉತ್ತರಿಸಿದನೆಂದು ಬರೆದುಬಿಡುವ ಅಪಾಯವಿದೆ. ಜಪಾನಿ ದಾಖಲೆಗಳು ವರ್ಷವನ್ನು ಚಕ್ರವರ್ತಿಯ ಆಳ್ವಿಕೆಯ ಶಕೆಯಿಂದ ಎಣಿಸುತ್ತವೆ; ಮೇಜಿ 28 ಎಂದಿದ್ದರೆ ಕ್ರಿಸ್ತಶಕ ವರ್ಷಕ್ಕಾಗಿ 1867 ಕೂಡಿಸಿ. ಮುಂದಿನ ಶಕೆಗಳಾದ ತೈಶೋಗೆ 1911, ಶೋವಾಗೆ 1925. 1873ರ ಜನವರಿ 1ಕ್ಕಿಂತ ಹಿಂದಿನ ತೇದಿಗಳು ಹಳೆಯ ಚಾಂದ್ರಮಾನದವು, ಅವುಗಳಿಗೆ ಪರಿವರ್ತನಾ ಕೋಷ್ಟಕವೇ ಬೇಕು.

ಮೊದಲು ವಿದೇಶಾಂಗ ಸಚಿವಾಲಯ 1936ರಿಂದ ಅಚ್ಚುಮಾಡುತ್ತಿರುವ ರಾಜತಾಂತ್ರಿಕ ದಾಖಲೆಗಳ ಸಂಪುಟಗಳನ್ನು ನೋಡಿ. ಮೂಲಪ್ರತಿಗಳ ಚಿತ್ರಗಳನ್ನು 2001ರಲ್ಲಿ ಆರಂಭವಾದ ಏಷ್ಯಾ ಐತಿಹಾಸಿಕ ದಾಖಲೆಗಳ ಕೇಂದ್ರದ ಅಂತರಜಾಲ ಭಂಡಾರದಲ್ಲಿ ಉಚಿತವಾಗಿ ನೋಡಬಹುದು. ಮುತ್ಸದ್ದಿಗಳ ಖಾಸಗಿ ಪತ್ರಗಳಿಗೆ ಟೋಕಿಯೊದ ರಾಷ್ಟ್ರೀಯ ಸಂಸತ್ ಗ್ರಂಥಾಲಯದ ಆಧುನಿಕ ರಾಜಕೀಯ ಇತಿಹಾಸ ವಿಭಾಗಕ್ಕೆ ಹೋಗಬೇಕು. ಅವು ಕೂಡುಬರಹದಲ್ಲಿರುತ್ತವೆ, ಅಚ್ಚಿನ ಜಪಾನಿ ಸಲೀಸಾಗಿ ಓದುವವರೂ ಇಲ್ಲಿ ಮತ್ತೆ ಅಕ್ಷರಾಭ್ಯಾಸ ಮಾಡಬೇಕಾಗುತ್ತದೆ.

ಮೈಕೊ ಭೇಟಿಯ ವಿವರ ಬಹುಮಟ್ಟಿಗೆ ಮುತ್ಸುವಿನ ನೆನಪಿನ ಬರಹದಿಂದ ಬಂದದ್ದು, ಅದರಲ್ಲಿ ತನ್ನ ಕ್ರಮವನ್ನು ಸಮರ್ಥಿಸಿಕೊಳ್ಳುವ ಉದ್ದೇಶವೂ ಇತ್ತು. ಆದ್ದರಿಂದ ಅದನ್ನು ಆ ದಿನಗಳ ತಂತಿಗಳ ಪಕ್ಕದಲ್ಲಿಟ್ಟೇ ಓದಬೇಕು. 1930ರ ನಂತರದ ವಿಷಯ ಆರಿಸಿದವರ ಪಾಡು ಇನ್ನೂ ಕಷ್ಟ: 1945ರ ಆಗಸ್ಟಿನಲ್ಲಿ ಜಪಾನಿನ ಕಚೇರಿಗಳು ರಾಶಿರಾಶಿ ಕಡತಗಳನ್ನು ಸುಟ್ಟವು. ಅಲ್ಲಿ ಮಾತುಕತೆಯ ಎದುರು ಪಕ್ಷದವರು ಬರೆದಿಟ್ಟದ್ದನ್ನು ಲಂಡನ್, ವಾಷಿಂಗ್ಟನ್‌ಗಳ ದಾಖಲೆಗಳಲ್ಲಿ ಹುಡುಕಬೇಕಾಗುತ್ತದೆ.