ಭೂಪಟದ ಮೇಲೆ ಬೆರಳಿಟ್ಟು ಕಲಿಸುವುದು: ನನ್ನ ಅನುಭವ

ಮಕ್ಕಳಿಗೆ ಭೂಗೋಳ ಹೇಳಿಕೊಡುವಾಗ ನಾನು ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿಸುವುದಿಲ್ಲ. ಭೂಪಟ ಹರಡಿ, ನೀರಿನ ಮೇಲೆ ಬೆರಳಿಟ್ಟು ನೆಲಕ್ಕೆ ತಾಗದ ಹಾಗೆ ಸಾಗಿ ಅನ್ನುತ್ತೇನೆ. ಒಳಗೆ ಹೋದ ಬೆರಳು ಅದೇ ಬಾಯಿಯಿಂದ ವಾಪಸ್ ಬರಬೇಕಾದರೆ ಅದು ಕೊಲ್ಲಿ. ಇಕ್ಕಟ್ಟಿನಲ್ಲಿ ನುಸುಳಿ ಇನ್ನೊಂದು ದೊಡ್ಡ ನೀರಿಗೆ ಸೇರಿದರೆ ಜಲಸಂಧಿ. ಎಷ್ಟು ಸುತ್ತಿದರೂ ಸಮುದ್ರಕ್ಕೆ ದಾರಿ ಸಿಗದಿದ್ದರೆ ಸರೋವರ.

ಇದಕ್ಕೆ ನನಗೆ ತುಂಬ ಇಷ್ಟವಾದ ಜಾಗ ಕಪ್ಪು ಸಮುದ್ರ. ಸುಮ್ನೆ ನೋಡಿದರೆ ಸುತ್ತಲೂ ನೆಲವೇ ಕಾಣುತ್ತದೆ. ಮಕ್ಕಳು ಸರೋವರ ಅಂದುಬಿಡುತ್ತಾರೆ. ಆಮೇಲೆ ಇಸ್ತಾಂಬುಲ್ ಹತ್ತಿರ ಒಂದು ಸಂದು ಸಿಗುತ್ತದೆ. ಅದು ಬಾಸ್ಫರಸ್ ಜಲಸಂಧಿ, ತೀರಾ ಕಿರಿದಾದ ಕಡೆ ಸುಮಾರು 700 ಮೀಟರ್ ಅಗಲ. ಅಲ್ಲಿಂದ ಮರ್ಮರ ಸಮುದ್ರ, ಡಾರ್ಡನೆಲ್ಸ್ ಜಲಸಂಧಿ, ಏಜಿಯನ್, ಮೆಡಿಟರೇನಿಯನ್. ಕೊನೆಗೆ ಜಿಬ್ರಾಲ್ಟರ್ ದಾಟಿದರೆ ಅಟ್ಲಾಂಟಿಕ್ ಸಾಗರ! ಈ ಪಯಣ ಮುಗಿಸಿದ ಮಗು ಜಲಸಂಧಿಯನ್ನು ಮರೆಯುವುದಿಲ್ಲ.

ಅಲ್ಲೇ ಪೂರ್ವಕ್ಕಿರುವ ಕ್ಯಾಸ್ಪಿಯನ್‌ನಲ್ಲಿ ಇಂಥ ಸಂದು ಇಲ್ಲ. ವೋಲ್ಗಾ ನದಿ ನೀರು ತಂದು ಸುರಿಯುತ್ತಲೇ ಇರುತ್ತದೆ. ಆ ನೀರು ಸಾಗರಕ್ಕೆ ಹರಿಯುವುದಿಲ್ಲ, ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ ಸುಮಾರು 29 ಮೀಟರ್ ಕೆಳಗಿದೆ. ಹೆಸರು ಸಮುದ್ರ, ರುಚಿಯೂ ಉಪ್ಪು. ಆದರೂ ಅದನ್ನು ಜಗತ್ತಿನ ಅತಿ ದೊಡ್ಡ ಸರೋವರ ಅಂತಲೇ ಎಣಿಸುತ್ತಾರೆ. ಹೆಸರಿಗಿಂತ ಬೆರಳನ್ನು ನಂಬಿ ಅಂತ ನಾನು ಹೇಳುವುದು ಇದಕ್ಕೇ.

ನೆಲದ ಮೇಲೂ ಇದೇ ಆಟ, ನೀರು ಮುಟ್ಟುವಂತಿಲ್ಲ. ಬೆರಳು ಆಚೆ ಹೋಗಲಾಗದಿದ್ದರೆ ದ್ವೀಪ, ಒಂದೇ ಕಡೆ ದಾರಿಯಿದ್ದರೆ ಪರ್ಯಾಯ ದ್ವೀಪ, ಎರಡು ದೊಡ್ಡ ನೆಲಗಳ ನಡುವಿನ ಕಿರುದಾರಿ ಭೂಸಂಧಿ. ಸೂಯೆಜ್‌ನಲ್ಲಿ 1869ರಲ್ಲಿ, ಪನಾಮಾದಲ್ಲಿ 1914ರಲ್ಲಿ ಹಡಗುಗಳಿಗೆ ದಾರಿ ತೆರೆದದ್ದು ಇಂಥ ಭೂಸಂಧಿಗಳನ್ನು ಅಗೆದೇ. ಮನುಷ್ಯ ಅಗೆದದ್ದಾದ್ದರಿಂದ ಅವು ಕಾಲುವೆಗಳು, ಜಲಸಂಧಿಗಳಲ್ಲ.

ನದಿ ಕಡಲು ಸೇರುವಲ್ಲಿ ಮಾತ್ರ ಕಾರಣವನ್ನೂ ಹೇಳಬೇಕು. ಗಂಗಾ–ಬ್ರಹ್ಮಪುತ್ರ ಹೊತ್ತು ತರುವ ಹೂಳು ಜಾಸ್ತಿ. ಅದು ರಾಶಿ ಬಿದ್ದು ನದಿ ಕವಲೊಡೆಯುತ್ತದೆ, ಮುಖಜಭೂಮಿ (ಡೆಲ್ಟಾ) ಬೆಳೆಯುತ್ತದೆ. ನರ್ಮದೆ ಸೇರುವ ಖಂಭಾತ್ ಕೊಲ್ಲಿಯಲ್ಲಿ ಉಬ್ಬರವಿಳಿತ ಬಹಳ ಜೋರು. ಹೂಳು ನಿಲ್ಲುವುದು ಕಷ್ಟ, ಹಾಗಾಗಿ ಅಲ್ಲಿ ಅಗಲ ಬಾಯಿಯ ಅಳಿವೆ.

ಬೆಟ್ಟ ಮತ್ತು ಪ್ರಸ್ಥಭೂಮಿಗೆ ಬೆರಳು ಸಾಲದು. ಎತ್ತರವೂ ಸಹಾಯ ಮಾಡುವುದಿಲ್ಲ: ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,500 ಮೀಟರ್ ಆಸುಪಾಸು, ಎಷ್ಟೋ ಪರ್ವತಗಳಿಗಿಂತ ಜಾಸ್ತಿ. ಇಲ್ಲಿ ಸಮೋನ್ನತಿ ರೇಖೆಗಳ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳ, ನಕ್ಷೆ ಕೊಡುತ್ತೇನೆ. ಗೆರೆಗಳು ಒತ್ತಾಗಿದ್ದಷ್ಟೂ ಇಳಿಜಾರು ಕಡಿದು. ಅಂಚಿನಲ್ಲಿ ಗೆರೆಗಳು ಒತ್ತೊತ್ತಾಗಿದ್ದು ಮೇಲೆ ಹೋದಂತೆ ದೂರದೂರವಾದರೆ ಪ್ರಸ್ಥಭೂಮಿ. ಶಿಖರದ ತನಕ ಒತ್ತಾಗಿಯೇ ಏರಿದರೆ ಬೆಟ್ಟ. ಆ ಗೆರೆಗಳನ್ನು ನೋಡಿಕೊಂಡು ಪಕ್ಕದಿಂದ ಕಾಣುವ ಆಕಾರವನ್ನು ಮಕ್ಕಳೇ ಬಿಡಿಸಬೇಕು.